ನೀರೊಳಗೆ ಬೆಸೆದ ಲೋಹ

1987ರ ಜನವರಿಯಲ್ಲಿ ‘ಫಿಸಿಕಲ್ ರಿವ್ಯೂ ಲೆಟರ್ಸ್’ ಪತ್ರಿಕೆ ಪುಣೆ ವಿಶ್ವವಿದ್ಯಾಲಯದಿಂದ ಹೋದ ನಾಲ್ಕು ಪುಟದ ಪ್ರಬಂಧವೊಂದನ್ನು ಪ್ರಕಟಿಸಿತು. ಲೇಖಕರು ಎಂಟು ಮಂದಿ: ಪಿ. ಪಿ. ಪಾಟೀಲ, ಡಿ. ಎಂ. ಫಾಸೆ, ಎಸ್. ಎ. ಕುಲಕರ್ಣಿ, ಎಸ್. ವಿ. ಘೈಸಾಸ್, ಎಸ್. ಕೆ. ಕುಲಕರ್ಣಿ, ಎಸ್. ಎಂ. ಕಾನೇಟ್ಕರ್, ಎಸ್. ಬಿ. ಓಗಲೆ ಮತ್ತು ವಿ. ಜಿ. ಭಿಡೆ. ಅವರ ಪ್ರಯೋಗವನ್ನು ಹೈಸ್ಕೂಲು ಮಕ್ಕಳಿಗೂ ಒಂದೇ ಉಸಿರಿನಲ್ಲಿ ಹೇಳಬಹುದು. ಕಬ್ಬಿಣವನ್ನು ನೀರಿನಡಿ ಇಟ್ಟರು. ಮೇಲಿನಿಂದ, ನೀರನ್ನು ಹಾಯ್ದು ಹೋಗುವ ಹಾಗೆ, ಮಾಣಿಕ್ಯ ಲೇಸರಿನ ಹೊಡೆತ ಕೊಟ್ಟರು. ಕಬ್ಬಿಣದ ಮೈಮೇಲೆ, ಸಾಮಾನ್ಯ ತಾಪಮಾನದಲ್ಲಿ ಇರಬಾರದ ಒಂದು ಆಕ್ಸೈಡ್ ಹುಟ್ಟಿತು.

ಹೀಗೆ ದ್ರವದೊಳಗೆ ಲೇಸರ್ ಹೊಡೆದು ಚಿನ್ನ ಮತ್ತು ಬೆಳ್ಳಿಯನ್ನು, ಚಿನ್ನ ಮತ್ತು ಕಬ್ಬಿಣವನ್ನು, ಸತು ಮತ್ತು ಅದರ ಆಕ್ಸೈಡನ್ನು ಒಂದೇ ನ್ಯಾನೋಕಣದೊಳಗೆ ಸೇರಿಸುವ ವಿದ್ಯೆ ಈಗ ಜರ್ಮನಿ, ಇಟಲಿ, ಜಪಾನ್, ಚೀನಾಗಳಲ್ಲಿ ದೊಡ್ಡದಾಗಿ ಬೆಳೆದಿದೆ. ಅದರ ಚರಿತ್ರೆ ಬರೆಯುವವರು ಪುಣೆಯ ಈ ನಾಲ್ಕು ಪುಟಗಳನ್ನು ಮೊದಲಲ್ಲೇ ನೆನೆಯುತ್ತಾರೆ. ಗ್ವಾಂಗ್‌ಝೌದ ಗುವೋವೇ ಯಾಂಗ್ 2007ರಲ್ಲಿ ಬರೆದ ದೀರ್ಘ ಸಮೀಕ್ಷೆಯಲ್ಲೂ ಈ ಪ್ರಬಂಧಕ್ಕೆ ಮುಂಚೂಣಿಯ ಜಾಗವಿದೆ. ಬೆಳಗಾವಿಯಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಷ್ಟರಲ್ಲಿ ಪುಣೆ. ಇಷ್ಟು ಹತ್ತಿರದಲ್ಲಿ ನಡೆದ ಕೆಲಸ ಕನ್ನಡದಲ್ಲಿ ಇಷ್ಟು ಕಡಿಮೆ ಚರ್ಚೆಯಾಗಿರುವುದು ನನಗೆ ಬೇಸರದ ಸಂಗತಿ.

ಪುಣೆಯಲ್ಲಿ ಕಬ್ಬಿಣದ ಮೇಲೆ ಹುಟ್ಟಿದ ಆ ಆಕ್ಸೈಡಿನ ಹೆಸರು ವುಸ್ಟೈಟ್. ಕಬ್ಬಿಣ ಮತ್ತು ಆಮ್ಲಜನಕ ಸೇರಿ ಆಗುವ ಆಕ್ಸೈಡುಗಳು ಹಲವು. ಕೆಮ್ಮಣ್ಣಿನ ಕೆಂಪೂ ಸೂಜಿಗಲ್ಲಿನ ಕಪ್ಪೂ ಒಂದೇ ವಂಶದವು. ವುಸ್ಟೈಟ್‌ನಲ್ಲಿ ಹೆಚ್ಚುಕಡಿಮೆ ಒಂದು ಕಬ್ಬಿಣದ ಪರಮಾಣುವಿಗೆ ಒಂದು ಆಮ್ಲಜನಕದ ಪರಮಾಣು. ಸುಮಾರು 570 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಮಾತ್ರ ಅದು ನೆಮ್ಮದಿಯಾಗಿರುತ್ತದೆ. ನಿಧಾನವಾಗಿ ತಣಿಯಲು ಬಿಟ್ಟರೆ ಒಡೆದು ಕಬ್ಬಿಣವೂ ಸೂಜಿಗಲ್ಲಿನ ಮ್ಯಾಗ್ನಟೈಟೂ ಆಗಿಬಿಡುತ್ತದೆ. ಅದನ್ನು ಉಳಿಸಿಕೊಳ್ಳಬೇಕಾದರೆ ಒಡೆಯುವುದಕ್ಕೆ ಪುರಸೊತ್ತೇ ಕೊಡದಷ್ಟು ಬೇಗ ತಣಿಸಬೇಕು. ಕಮ್ಮಾರ ಕುಲುಮೆಯಿಂದ ತೆಗೆದ ಕುಡುಗೋಲನ್ನು ನೀರಿಗೆ ಅದ್ದಿ ಹದ ಕೊಡುವಾಗ ಮಾಡುವುದೂ ಇದನ್ನೇ: ಬಿಸಿಯಲ್ಲಿದ್ದ ಲೋಹದ ಒಳರಚನೆ ತನ್ನ ಹಳೆಯ ರೂಪಕ್ಕೆ ಮರಳುವ ಮೊದಲೇ ಅದನ್ನು ಹಿಡಿದು ನಿಲ್ಲಿಸುವುದು.

ಪುಣೆಯಲ್ಲಿ ಕಾಲದ ಅಳತೆ ಬೇರೆಯಾಗಿತ್ತು. ಮಾಣಿಕ್ಯ ಲೇಸರಿನ ಇಂಥ ಒಂದು ಹೊಡೆತ ಹತ್ತಾರು ನ್ಯಾನೋಸೆಕೆಂಡುಗಳಲ್ಲಿ ಮುಗಿಯುತ್ತದೆ. ಒಂದು ನ್ಯಾನೋಸೆಕೆಂಡ್ ಅಂದರೆ ಸೆಕೆಂಡಿನ ನೂರು ಕೋಟಿ ಪಾಲಿನಲ್ಲಿ ಒಂದು. ಅಷ್ಟರೊಳಗೆ ಕಬ್ಬಿಣದ ತೆಳ್ಳನೆಯ ಮೇಲ್ಪದರ ಕರಗಿತು, ತನಗೆ ತಾಗಿಕೊಂಡಿದ್ದ ನೀರಿನಿಂದ ಆಮ್ಲಜನಕವನ್ನು ಕಿತ್ತುಕೊಂಡಿತು, ಅದೇ ನೀರಿಗೆ ಶಾಖ ಒಪ್ಪಿಸಿ ಗಟ್ಟಿಯಾಯಿತು. ಒಂದೇ ನೀರು ಎರಡು ಕೆಲಸ ಮಾಡಿತು. ಲೋಹಕ್ಕೆ ಬೇಕಾದ ಪರಮಾಣುಗಳನ್ನು ಕೊಟ್ಟದ್ದೂ ಅದೇ, ಆದ ವಸ್ತುವನ್ನು ಕೆಡದಂತೆ ತಣಿಸಿದ್ದೂ ಅದೇ. ಪುಣೆಯ ತಂಡದ ನಿಜವಾದ ಸಾಧನೆ ಇಲ್ಲಿದೆ ಎಂದು ನಾನು ತಿಳಿದಿದ್ದೇನೆ. ದ್ರವವನ್ನು ಅವರು ಪಾತ್ರೆಯ ಭಾಗವೆಂದು ನೋಡಲಿಲ್ಲ, ಕ್ರಿಯೆಯಲ್ಲಿ ಪಾಲುದಾರನೆಂದು ನೋಡಿದರು. ಮುಂದಿನ ಮೂವತ್ತು ವರ್ಷಗಳ ಕೆಲಸವೆಲ್ಲ ಈ ದೃಷ್ಟಿಯ ವಿಸ್ತಾರವೇ.

ನೀರೊಳಗೆ ಲೇಸರ್ ಹೊಡೆದವರು ಅವರೇ ಮೊದಲಿಗರೇನಲ್ಲ. 1960ರ ಮೇ 16ರಂದು ಕ್ಯಾಲಿಫೋರ್ನಿಯಾದ ಮಾಲಿಬುವಿನಲ್ಲಿ, ಹ್ಯೂಸ್ ಸಂಶೋಧನಾಲಯದಲ್ಲಿ, ಥಿಯೊಡೋರ್ ಮೈಮನ್ ಮೊಟ್ಟಮೊದಲ ಲೇಸರನ್ನು ಬೆಳಗಿಸಿದ. ಅದೂ ಮಾಣಿಕ್ಯದ್ದೇ: ಕ್ರೋಮಿಯಂ ಬೆರೆತ ಅಲ್ಯುಮಿನಿಯಂ ಆಕ್ಸೈಡಿನ ಕಡ್ಡಿ, ಸುತ್ತ ಸುರುಳಿಯಾಕಾರದ ಫ್ಲಾಶ್ ದೀಪ, ಹೊರಬಂದದ್ದು 694 ನ್ಯಾನೋಮೀಟರ್ ತರಂಗಾಂತರದ ಗಾಢ ಕೆಂಪು. ಮೂರೇ ವರ್ಷದಲ್ಲಿ ಸೋವಿಯತ್ ಒಕ್ಕೂಟದ ಅಸ್ಕರ್ಯಾನ್, ಪ್ರೊಖೊರೊವ್ ಮತ್ತು ಸಂಗಡಿಗರು ದ್ರವದೊಳಗೆ ಲೇಸರ್ ಕಿರಣ ಏನು ಮಾಡುತ್ತದೆಂದು ಬರೆದರು. 1970ರ ದಶಕದಲ್ಲಿ ಅಮೆರಿಕದ ಬ್ಯಾಟೆಲ್ ಸಂಸ್ಥೆಯಲ್ಲಿ ಲೋಹದ ಮೈಮೇಲೆ ಪಾರದರ್ಶಕ ಪದರವಿಟ್ಟು ಲೇಸರ್ ಹೊಡೆದರು. ಹುಟ್ಟಿದ ಪ್ಲಾಸ್ಮಾ, ಅಂದರೆ ವಿದ್ಯುದಂಶವುಳ್ಳ ಕಾದ ಆವಿ, ಮೇಲಕ್ಕೆ ಹಾರಲು ಜಾಗ ಸಿಗದೆ ಲೋಹವನ್ನೇ ಗುದ್ದಿತು, ಲೋಹ ಗಡುಸಾಯಿತು. ಆದರೆ ಅವರೆಲ್ಲರ ಕಣ್ಣು ಆಘಾತದ ಅಲೆಯ ಮೇಲಿತ್ತು. ಆ ಗುದ್ದಿನಲ್ಲಿ ಯಾವ ಹೊಸ ವಸ್ತು ಹುಟ್ಟಬಹುದು ಎಂಬ ಕಡೆ ಗಮನ ತಿರುಗಿಸಿದವರು ಪುಣೆಯವರು.

ಅವರ ಕೆಲಸ ಆ ಹೊತ್ತಿಗೆ ದೊಡ್ಡ ಸುದ್ದಿಯಾಗದಿರುವುದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ಹಿಂದಿನ ವರ್ಷವಷ್ಟೇ ಜ್ಯೂರಿಕ್ ಹತ್ತಿರ ಬೆಡ್ನೋರ್ಜ್ ಮತ್ತು ಮುಲ್ಲರ್ ಹೊಸ ಜಾತಿಯ ಅತಿವಾಹಕಗಳನ್ನು ಕಂಡುಹಿಡಿದಿದ್ದರು. 1987ರಲ್ಲಿ ಭೌತವಿಜ್ಞಾನದ ಲೋಕವೆಲ್ಲ ಆ ಕಡೆಗೇ ಓಡುತ್ತಿತ್ತು. ಅದೇ ವರ್ಷ ನ್ಯೂಜೆರ್ಸಿಯ ಬೆಲ್‌ಕೋರ್‌ನಲ್ಲಿ ವೆಂಕಟೇಶನ್ ಮತ್ತು ಸಹೋದ್ಯೋಗಿಗಳು ಆ ಜಾತಿಯ ಅತಿವಾಹಕವನ್ನು ನಿರ್ವಾತದ ಕೋಶದಲ್ಲಿಟ್ಟು, ಲೇಸರಿನಿಂದ ಆವಿ ಎಬ್ಬಿಸಿ, ತೆಳುಪದರವಾಗಿ ಕೂರಿಸಿ ತೋರಿಸಿದರು. ಲೇಸರ್ ಇದ್ದವರೆಲ್ಲ ನಿರ್ವಾತದ ಪಂಪು ಹುಡುಕಿಕೊಂಡು ಹೊರಟರು. ನೀರಿನ ದಾರಿ ಹಿಂದೆ ಉಳಿಯಿತು. ಓಗಲೆಯವರೇ ಮುಂದೆ ಅಮೆರಿಕದ ಮೇರಿಲ್ಯಾಂಡಿನಲ್ಲಿ ತೆಳುಪದರಗಳ ಮೇಲೆ ಬಹುಕಾಲ ದುಡಿದು, ಆಮೇಲೆ ಪುಣೆಗೆ ಮರಳಿದರು.

ಹಾಗೆಂದು ಪುಣೆಯವರು ಕೈಬಿಡಲಿಲ್ಲ. 1992ರಲ್ಲಿ ಓಗಲೆ, ಮಾಲ್ಶೆ, ಕಾನೇಟ್ಕರ್ ಮತ್ತು ಕ್ಷೀರಸಾಗರ್ ಗ್ರಾಫೈಟ್ ತುಂಡನ್ನು ಬೆಂಜೀನಿನಲ್ಲಿ ಮುಳುಗಿಸಿ ಮಾಣಿಕ್ಯ ಲೇಸರ್ ಹೊಡೆದರು. ಸಿಕ್ಕಿದ್ದು ವಜ್ರದ ಸಣ್ಣ ಕಣಗಳು. ಪೆನ್ಸಿಲಿನ ಕಡ್ಡಿಯಲ್ಲಿರುವ ಇಂಗಾಲವೇ ವಜ್ರವಾಗಬೇಕಾದರೆ ಅಗಾಧ ಒತ್ತಡ ಬೇಕು. ದ್ರವದೊಳಗೆ ಸಿಕ್ಕಿಬಿದ್ದ ಪ್ಲಾಸ್ಮಾ ಆ ಒತ್ತಡವನ್ನು ಒಂದು ಕ್ಷಣದ ಮಟ್ಟಿಗೆ ಒದಗಿಸಿತು. ಕಬ್ಬಿಣದ ಪ್ರಯೋಗದಲ್ಲಿ ಹೊಸ ವಸ್ತು ಲೋಹದ ಮೈಗೇ ಅಂಟಿಕೊಂಡಿತ್ತು. ಇಲ್ಲಿ ಅದು ಕಣವಾಗಿ ಬೇರೆಯಾಯಿತು. ಈ ಸಣ್ಣ ವ್ಯತ್ಯಾಸ ಮುಂದಿನ ಕಥೆಗೆ ಬಾಗಿಲು.

ಲೋಹದ ಕಣಗಳನ್ನು ನೀರಿನಲ್ಲಿ ತೇಲಿಸುವ ಆಸೆ ಲೇಸರಿಗಿಂತ ಬಹಳ ಹಳೆಯದು. 1685ರಲ್ಲಿ ಆಂಡ್ರಿಯಾಸ್ ಕ್ಯಾಸಿಯಸ್ ಚಿನ್ನದ ದ್ರಾವಣಕ್ಕೆ ತವರದ ಲವಣ ಸೇರಿಸಿ ಪಡೆಯುವ ನೇರಳೆ ಬಣ್ಣದ ಬಗ್ಗೆ ಪುಸ್ತಕ ಬರೆದ. ಗಾಜಿಗೂ ಪಿಂಗಾಣಿಗೂ ಮಾಣಿಕ್ಯದ ಕೆಂಪು ಕೊಡುವ ಆ ಬಣ್ಣದೊಳಗೆ ಏನಿದೆ ಎಂದು ಯುರೋಪಿನ ರಸಾಯನ ವಿಜ್ಞಾನಿಗಳು ಎರಡು ಶತಮಾನ ಜಗಳಾಡಿದರು. ಚಿನ್ನ ಮತ್ತು ತವರ ಸೇರಿದ ಸಂಯುಕ್ತವೆಂದು ಒಂದು ಪಕ್ಷ, ಬರಿಯ ಮಿಶ್ರಣವೆಂದು ಇನ್ನೊಂದು. 1898ರಲ್ಲಿ ರಿಚರ್ಡ್ ಜಿಗ್ಮೊಂಡಿ ಚಿನ್ನದ ಕಣಗಳಿದ್ದ ದ್ರವವನ್ನೂ ತವರದ ಆಕ್ಸೈಡಿನ ಕಣಗಳಿದ್ದ ದ್ರವವನ್ನೂ ಬೇರೆಬೇರೆಯಾಗಿ ಮಾಡಿ, ಆಮೇಲೆ ಬೆರೆಸಿ, ಅದೇ ನೇರಳೆಯನ್ನು ತೋರಿಸಿ ಜಗಳ ಬಿಡಿಸಿದ. ಎರಡು ವಸ್ತುಗಳ ಅತಿಸಣ್ಣ ಕಣಗಳು ಒಂದನ್ನೊಂದು ಹಿಡಿದುಕೊಂಡಿದ್ದವು, ಅಷ್ಟೆ. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಕ್ಯಾಸಿಯಸ್‌ನ ನೇರಳೆ ಒಂದು ಸಂಯೋಜಿತ ನ್ಯಾನೋವಸ್ತು. ಕಣಗಳು ದ್ರವದಲ್ಲಿ ತೇಲುವ ಇಂಥ ಕಲಿಲಗಳ ಸ್ವರೂಪ ಬಿಡಿಸಿದ್ದಕ್ಕೆ ಜಿಗ್ಮೊಂಡಿಗೆ 1925ರ ನೊಬೆಲ್ ಬಂತು.

ನಡುವೆ 1857ರಲ್ಲಿ ಲಂಡನ್ನಿನ ಮೈಕೆಲ್ ಫ್ಯಾರಡೆ ರಂಜಕದ ನೆರವಿನಿಂದ ಚಿನ್ನದ ಕೆಂಪು ದ್ರವಗಳನ್ನು ತಯಾರಿಸಿದ್ದ. ಆ ಬಣ್ಣ ಚಿನ್ನದ ಕಣ್ಣಿಗೆ ಕಾಣದ ಕಣಗಳದ್ದೇ ಎಂದು ಆತ ವಾದಿಸಿದ. ಆತನನ್ನು ಕಾಡಿದ ತೊಂದರೆ ಒಂದು: ಆ ದ್ರವ ತುಂಬ ನಾಜೂಕು. ಒಂದಿಷ್ಟು ಉಪ್ಪು ಬಿದ್ದರೆ ಸಾಕು, ಕಣಗಳು ಗುಂಪುಗೂಡಿ ಕೆಂಪು ನೀಲಿಯಾಗುತ್ತಿತ್ತು. ರಾಸಾಯನಿಕ ದಾರಿಯಲ್ಲಿ ಈ ತಲೆನೋವು ತಪ್ಪಿದ್ದಲ್ಲ. ಲವಣ ಬೇಕು, ಅದರಿಂದ ಲೋಹ ಬಿಡಿಸುವ ಇನ್ನೊಂದು ರಾಸಾಯನಿಕ ಬೇಕು, ಕಣಗಳು ಅಂಟಿಕೊಳ್ಳದಂತೆ ಮೂರನೆಯದೊಂದು ಬೇಕು. ಕೊನೆಗೆ ಕಣದ ಮೈಮೇಲೆ ಇವೆಲ್ಲದರ ಕೊಳೆ ಉಳಿಯುತ್ತದೆ. ಇದನ್ನು ತಪ್ಪಿಸಲೆಂದೇ ಗೇಯಾರ್ಗ್ ಬ್ರೆಡಿಗ್ 1898ರಲ್ಲಿ ಎರಡು ಲೋಹದ ತಂತಿಗಳ ತುದಿಗಳನ್ನು ನೀರಿನೊಳಗೆ ಹತ್ತಿರ ತಂದು ವಿದ್ಯುತ್ ಕಿಡಿ ಹಾರಿಸಿದ. ತಂತಿಯ ಲೋಹವೇ ಆವಿಯಾಗಿ ನೀರಿನಲ್ಲಿ ಕಣಗಳಾಯಿತು. ಲೇಸರ್ ಮಾಡುವ ಕೆಲಸದ ಹಿರಿಯಣ್ಣ ಇದೇ. ಸಮಸ್ಯೆ ಎಂದರೆ ಆ ಕಿಡಿಯನ್ನು ಹಿಡಿತದಲ್ಲಿಡುವುದು ಕಷ್ಟ, ತಂತಿ ವಿದ್ಯುತ್ ಹರಿಸುವ ಲೋಹದ್ದೇ ಆಗಿರಬೇಕು.

ಶುದ್ಧ ಕಣಗಳು ಬೇಕೇ ಬೇಕೆಂದು ಹಟ ಹಿಡಿದವರು ರಾಮನ್ ರೋಹಿತದ ಜನ. 1928ರಲ್ಲಿ ಕಲ್ಕತ್ತಾದಲ್ಲಿ ಚಂದ್ರಶೇಖರ ವೆಂಕಟ ರಾಮನ್ ಕಂಡುಹಿಡಿದ ಬೆಳಕಿನ ಚದರುವಿಕೆ ಅಣುಗಳ ಗುರುತು ಹೇಳುತ್ತದೆ, ಆದರೆ ಆ ಸಂಕೇತ ಬಹಳ ಕ್ಷೀಣ. ಒರಟಾದ ಬೆಳ್ಳಿಯ ಮೈಮೇಲೆ ಅಣು ಕೂತರೆ ಅದೇ ಸಂಕೇತ ಅಗಾಧವಾಗಿ ಹೆಚ್ಚುತ್ತದೆಂದು 1970ರ ದಶಕದಲ್ಲಿ ಗೊತ್ತಾಯಿತು. ಬೆಳ್ಳಿಯ ನ್ಯಾನೋಕಣಗಳು ಇದಕ್ಕೆ ಹೇಳಿ ಮಾಡಿಸಿದಂತಿದ್ದವು. ಆದರೆ ಕಣದ ಮೇಲೆ ಮೊದಲೇ ಬೇರೆ ರಾಸಾಯನಿಕ ಅಂಟಿದ್ದರೆ ಅದರ ಸಂಕೇತವೂ ಅಷ್ಟೇ ಜೋರಾಗಿ ಕೂಗುತ್ತದೆ, ನಮಗೆ ಬೇಕಾದ ಅಣುವಿನ ದನಿ ಅದರಲ್ಲಿ ಮುಳುಗಿಹೋಗುತ್ತದೆ. 1993ರಲ್ಲಿ ಅಮೆರಿಕದ ಅಯೋವಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ನೆಡೆರ್ಸನ್, ಚುಮಾನೊವ್ ಮತ್ತು ಥೆರೇಸ್ ಕಾಟನ್ ಇದಕ್ಕೆ ಲೇಸರ್ ಮದ್ದು ಕಂಡುಕೊಂಡರು. ಬೆಳ್ಳಿ, ಚಿನ್ನ, ಪ್ಲಾಟಿನಂ, ಪಲ್ಲಾಡಿಯಂ, ತಾಮ್ರದ ತುಂಡುಗಳನ್ನು ನೀರಿನಲ್ಲಿ ಅಥವಾ ಸಾವಯವ ದ್ರವದಲ್ಲಿ ಇಟ್ಟು ಲೇಸರ್ ಹೊಡೆದರು. ಪಾತ್ರೆಯಲ್ಲಿ ಲೋಹ ಮತ್ತು ದ್ರವ ಬಿಟ್ಟರೆ ಬೇರೇನಿಲ್ಲ. ಅದೇ ವರ್ಷ ಬರ್ಲಿನ್ನಿನ ಹಾನ್-ಮೈಟ್ನರ್ ಸಂಸ್ಥೆಯಲ್ಲಿ ಆಂಟನ್ ಫೊಯ್ಟಿಕ್ ಮತ್ತು ಆರ್ನಿಮ್ ಹೆಂಗ್ಲೈನ್ ಕೂಡ ಲೇಸರಿನಿಂದ ದ್ರವದಲ್ಲಿ ಕಲಿಲ ತಯಾರಿಸಿ ಪ್ರಕಟಿಸಿದರು. ಹೆಂಗ್ಲೈನ್ ವಿಕಿರಣ ರಸಾಯನದ ದೊಡ್ಡ ಹೆಸರು, ಕಲಿಲಗಳನ್ನು ಅರೆದು ಕುಡಿದವರು. ಅವರು ಕೈ ಹಾಕಿದ ಮೇಲೆ ರಸಾಯನ ವಿಜ್ಞಾನಿಗಳೂ ಈ ಕಡೆ ನೋಡತೊಡಗಿದರು.

ಮುಂದಿನ ಹೆಜ್ಜೆ ಜಪಾನಿನದು. 2000ದಲ್ಲಿ ಇಚಿಕಾವಾದ ಟೊಯೊಟಾ ತಾಂತ್ರಿಕ ಸಂಸ್ಥೆಯ ಪ್ರಯೋಗಾಲಯದಲ್ಲಿ ಮಫುನೆ, ಕೊಂಡೊ ಮತ್ತು ಸಂಗಡಿಗರು ಸೋಪಿನ ಜಾತಿಯ ಸೋಡಿಯಂ ಡೋಡೆಸಿಲ್ ಸಲ್ಫೇಟನ್ನು ನೀರಿಗೆ ಸೇರಿಸಿ ಬೆಳ್ಳಿಗೆ ಲೇಸರ್ ಹೊಡೆದರು. ಅದರ ಪ್ರಮಾಣ ಬದಲಿಸಿದಂತೆಲ್ಲ ಕಣದ ಗಾತ್ರ ಬದಲಾಯಿತು. ಮರುವರ್ಷ ಚಿನ್ನದಲ್ಲೂ ಅದೇ ಸಾಧ್ಯವಾಯಿತು. ಕೈಗೆ ಸಿಕ್ಕಿದ್ದನ್ನು ತೆಗೆದುಕೊಳ್ಳುವ ಕಾಲ ಹೋಗಿ, ಬೇಕಾದ ಗಾತ್ರ ಕೇಳುವ ಕಾಲ ಬಂತು.

ಎರಡು ವಸ್ತುಗಳನ್ನು ಒಂದೇ ಕಣದಲ್ಲಿ ಸೇರಿಸುವ ಕೆಲಸ ನಿಚ್ಚಳವಾಗಿ ಕಾಣಿಸಿಕೊಂಡದ್ದು ಆ ದಿನಗಳಲ್ಲೇ. ತೈವಾನಿನ ಚೆಂಗ್ ಕುಂಗ್ ವಿಶ್ವವಿದ್ಯಾಲಯದಲ್ಲಿ ಚೆನ್ ಮತ್ತು ಯೆ 2001ರಲ್ಲಿ ಮಾಡಿದ ಪ್ರಯೋಗ ನೋಡಲು ಬಹಳ ಚೆಂದ. ಬೆಳ್ಳಿಯ ಕಣಗಳ ಹಳದಿ ದ್ರವ ಸುಮಾರು 400 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ನುಂಗುತ್ತದೆ. ಚಿನ್ನದ ಕಣಗಳ ಕೆಂಪು ದ್ರವ 520ರ ಸುತ್ತಮುತ್ತ ನುಂಗುತ್ತದೆ. ಎರಡನ್ನೂ ಬರಿದೇ ಬೆರೆಸಿ ರೋಹಿತಮಾಪಕದಲ್ಲಿಟ್ಟರೆ ಗೆರೆಯಲ್ಲಿ ಎರಡು ಗುಡ್ಡ ಏಳುತ್ತವೆ, ಏಕೆಂದರೆ ಎರಡೂ ಜಾತಿಯ ಕಣಗಳು ಬೇರೆಬೇರೆಯಾಗಿಯೇ ಇವೆ. ಈಗ ಆ ಮಿಶ್ರಣಕ್ಕೆ ಲೇಸರ್ ಹೊಡೆತಗಳು ಬೀಳತೊಡಗುತ್ತವೆ. ಕಣಗಳು ಬಿಸಿಯಾಗಿ, ಕರಗಿ, ಒಂದರೊಳಗೊಂದು ಸೇರುತ್ತವೆ. ಎರಡು ಗುಡ್ಡಗಳು ತಗ್ಗುತ್ತಾ, ನಡುವೆ ಒಂದೇ ಗುಡ್ಡ ಮೇಲೇಳುತ್ತದೆ. ಕಣಗಳನ್ನು ಕಣ್ಣಿನಿಂದ ನೋಡದೆಯೇ, ಒಂದು ಗೆರೆಯ ಆಕಾರದಿಂದ, ಇವು ಈಗ ಮಿಶ್ರಲೋಹ ಎಂದು ಖಚಿತವಾಗಿ ಹೇಳಬಹುದು. ಒಂದು ವರ್ಷ ಮೊದಲೇ ಹೊಡಾಕ್, ಹೆಂಗ್ಲೈನ್, ಗಿಯೆರ್ಸಿಗ್ ಮತ್ತು ಹಾರ್ಟ್‌ಲ್ಯಾಂಡ್ ಚಿನ್ನದ ತಿರುಳಿನ ಮೇಲೆ ಬೆಳ್ಳಿಯ ಚಿಪ್ಪಿದ್ದ ಕಣಗಳಿಗೆ ಲೇಸರ್ ಹೊಡೆದು, ಚಿಪ್ಪು ತಿರುಳಿನೊಳಗೆ ಬೆರೆತುಹೋಗುವುದನ್ನು ತೋರಿಸಿದ್ದರು.

ಚಿನ್ನ ಮತ್ತು ಬೆಳ್ಳಿ ಹೇಗೂ ಹೊಂದಿಕೊಳ್ಳುವ ಲೋಹಗಳು, ಅಕ್ಕಸಾಲಿಗರಿಗೆ ಇದು ಹೊಸ ವಿಷಯವಲ್ಲ. ಚೀನಾದ ಹೆಫೈನಲ್ಲಿ ಹೈಬೋ ಝೆಂಗ್ ಮತ್ತು ಸಹೋದ್ಯೋಗಿಗಳು 2005ರಲ್ಲಿ ಬೇರೆ ದಾರಿ ಹಿಡಿದರು. ನೀರಿನಲ್ಲಿಟ್ಟ ಸತುವಿಗೆ ಲೇಸರ್ ಹೊಡೆದಾಗ ಸತುವಿನ ಕಣದ ಹೊರಮೈ ನೀರಿನೊಡನೆ ಕ್ರಿಯೆ ನಡೆಸಿ ಸತುವಿನ ಆಕ್ಸೈಡ್ ಆಯಿತು, ಒಳಗೆ ಲೋಹ ಹಾಗೆಯೇ ಉಳಿಯಿತು. ನೀರಿಗೆ ಸೇರಿಸಿದ್ದ ಅದೇ ಸೋಪಿನ ಜಾತಿಯ ವಸ್ತುವಿನ ಪ್ರಮಾಣ ಹೆಚ್ಚಿಸಿದರೆ ಲೋಹದ ಪಾಲು ಹೆಚ್ಚು, ಕಡಿಮೆ ಮಾಡಿದರೆ ಆಕ್ಸೈಡಿನ ಪಾಲು ಹೆಚ್ಚು. ಹದಿನೆಂಟು ವರ್ಷದ ಹಿಂದೆ ಪುಣೆಯಲ್ಲಿ ಕಬ್ಬಿಣದ ತುಂಡಿನ ಮೈಮೇಲೆ ನಡೆದದ್ದು ಇಲ್ಲಿ ಒಂದೊಂದು ಕಣದ ಮೈಮೇಲೂ ನಡೆಯುತ್ತಿತ್ತು.

ಹೊಡೆತ ಬಿದ್ದ ಮೇಲೆ ನೀರಿನೊಳಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನಿಸಿ ನೋಡಬೇಕು. ಬೆಳಕು ಲೋಹಕ್ಕೆ ತಗಲಿದ ಕೂಡಲೇ ಮೇಲ್ಪದರ ಸಾವಿರಾರು ಡಿಗ್ರಿ ಕಾದು ಪ್ಲಾಸ್ಮಾ ಆಗುತ್ತದೆ. ಗಾಳಿಯಲ್ಲಾದರೆ ಅದು ಆರಾಮವಾಗಿ ಹರಡುತ್ತಿತ್ತು. ಸುತ್ತ ನೀರಿರುವುದರಿಂದ ಬಿಗಿದ ಜಾಗದಲ್ಲಿ ಸಿಕ್ಕಿಬೀಳುತ್ತದೆ, ಒತ್ತಡ ಗಿಗಾಪಾಸ್ಕಲ್‌ಗಳಿಗೆ ಏರುತ್ತದೆ. ಒಂದು ಗಿಗಾಪಾಸ್ಕಲ್ ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಹತ್ತು ಸಾವಿರ ಪಟ್ಟು. ಪ್ಲಾಸ್ಮಾ ತಣಿಯುತ್ತಾ ತನ್ನ ಶಾಖವನ್ನು ಪಕ್ಕದ ನೀರಿಗೆ ಕೊಡುತ್ತದೆ, ನೀರು ಆವಿಯಾಗಿ ಗುಳ್ಳೆ ಕಟ್ಟುತ್ತದೆ. ನ್ಯಾನೋಸೆಕೆಂಡ್ ಲೇಸರಿನಲ್ಲಿ ಆ ಗುಳ್ಳೆ ಮಿಲಿಮೀಟರಿನಷ್ಟು ಉಬ್ಬಿ, ನೂರಾರು ಮೈಕ್ರೋಸೆಕೆಂಡುಗಳಲ್ಲಿ ಕುಸಿಯುತ್ತದೆ, ಮತ್ತೆ ಉಬ್ಬುತ್ತದೆ, ಮತ್ತೆ ಕುಸಿಯುತ್ತದೆ. ಪಾತ್ರೆಯ ಪಕ್ಕ ನಿಂತವರಿಗೆ ಕೇಳುವುದು ಒಂದು ಚುರುಕಾದ ಟಿಕ್ ಸದ್ದು, ಕಾಣುವುದು ಒಂದು ಬಿಳಿ ಕಿಡಿ. ಹೊಡೆತಗಳು ಸಾವಿರಗಟ್ಟಲೆ ಬಿದ್ದ ಮೇಲೆ, ತಿಳಿನೀರು ನೋಡನೋಡುತ್ತಲೇ ಬಣ್ಣ ತಿರುಗುತ್ತದೆ.

ಕಣ ಹುಟ್ಟುವುದು ಈ ನಾಟಕದ ಯಾವ ಅಂಕದಲ್ಲಿ? ಗುಳ್ಳೆ ಕುಸಿದ ಮೇಲೆ ನೀರಿನಲ್ಲೋ, ಗುಳ್ಳೆಯ ಒಳಗೋ? ಜರ್ಮನಿಯ ಕಾರ್ಲ್ಸ್‌ರೂಹೆಯ ಆಂಟನ್ ಪ್ಲೆಕ್ ಮತ್ತು ಸಂಗಡಿಗರು 2012ರಲ್ಲಿ ಸಿಂಕ್ರೊಟ್ರಾನಿನ ಎಕ್ಸ್-ಕಿರಣಗಳನ್ನು ಆ ಉಬ್ಬುವ ಗುಳ್ಳೆಯ ಮೂಲಕವೇ ಹಾಯಿಸಿ ಉತ್ತರ ಪಡೆದರು. ಗುಳ್ಳೆ ಇನ್ನೂ ಬೆಳೆಯುತ್ತಿರುವಾಗಲೇ ಸುಮಾರು 10 ನ್ಯಾನೋಮೀಟರಿನ ಕಣಗಳು ಅದರೊಳಗೆ ಇದ್ದವು. ಅವುಗಳ ಜೊತೆ ದೊಡ್ಡ ಕಣಗಳ ಇನ್ನೊಂದು ಗುಂಪೂ ಇತ್ತು. ಈ ಎರಡು ಗುಂಪು ಯಾಕೆಂಬುದು ಎಲ್ಲರನ್ನೂ ಬಹಳ ದಿನ ಕಾಡಿದ ಪ್ರಶ್ನೆ. ವರ್ಜೀನಿಯಾ ವಿಶ್ವವಿದ್ಯಾಲಯದ ಲಿಯೊನಿಡ್ ಝಿಗಿಲೈ ತಂಡ ಕಂಪ್ಯೂಟರಿನಲ್ಲಿ ಪರಮಾಣುಗಳ ಓಡಾಟವನ್ನೇ ಲೆಕ್ಕ ಹಾಕಿ, ಡ್ಯೂಸ್‌ಬರ್ಗ್-ಎಸೆನ್ ವಿಶ್ವವಿದ್ಯಾಲಯದವರ ಜೊತೆ ಸೇರಿ 2018ರಲ್ಲಿ, ನ್ಯಾನೋಸೆಕೆಂಡಿಗಿಂತ ಎಷ್ಟೋ ಚಿಕ್ಕ ಹೊಡೆತದ ಪಿಕೋಸೆಕೆಂಡ್ ಲೇಸರಿನ ಮಟ್ಟಿಗೆ ವಿವರಣೆ ಕೊಟ್ಟಿತು. ಸಣ್ಣವು ಲೋಹದ ಆವಿ ನೀರಿನ ಆವಿಯಲ್ಲಿ ಬೆರೆತು ಸಾಂದ್ರವಾಗಿ ಹುಟ್ಟಿದವು. ದೊಡ್ಡವು, ನೀರಿಗೂ ಲೋಹಕ್ಕೂ ನಡುವೆ ಕಟ್ಟಿದ ಕರಗಿದ ಲೋಹದ ತೆಳುಪದರ ಹರಿದು ಚಿಮ್ಮಿದ ಹನಿಗಳು. ಎರಡು ಜನನ, ಎರಡು ಗಾತ್ರ.

ಎರಡು ಲೋಹಗಳನ್ನು ಬೆಸೆಯುವವರಿಗೆ ನೀರೊಳಗಿನ ಈ ದಿಢೀರ್ ತಣಿವಿನಲ್ಲಿ ದೊಡ್ಡ ಅನುಕೂಲವಿದೆ. ಚಿನ್ನ ಮತ್ತು ಕಬ್ಬಿಣವನ್ನು ತೆಗೆದುಕೊಳ್ಳಿ. ಕರಗಿದಾಗ ಬೆರೆಯುತ್ತವೆ. ನಿಧಾನವಾಗಿ ತಣಿದರೆ ಸಾಮಾನ್ಯ ತಾಪಮಾನದಲ್ಲಿ ಬೇರೆಯಾಗಿಬಿಡುತ್ತವೆ. ಚಿನ್ನದ ಬೆಳಕಿನ ಗುಣವೂ ಕಬ್ಬಿಣದ ಕಾಂತಗುಣವೂ ಒಂದೇ ಕಣದಲ್ಲಿದ್ದರೆ ವೈದ್ಯರಿಗೆ ಅದರಿಂದ ಎಷ್ಟೋ ಪ್ರಯೋಜನ. ಇಟಲಿಯ ಪಡೋವಾದಲ್ಲಿ ವಿನ್ಚೆಂಜೊ ಅಮೆಂಡೋಲ ಮತ್ತು ಮೊರೆನೊ ಮೆನೆಗೆಟ್ಟಿ ಈ ಜೋಡಿಯ ಹಿಂದೆ ಬಿದ್ದರು. ನೀರೊಳಗಿನ ತಣಿವು ಎಷ್ಟು ಚುರುಕೆಂದರೆ ಎರಡೂ ಲೋಹಗಳು ಬೇರಾಗುವ ಮೊದಲೇ ಕಣ ಗಟ್ಟಿಯಾಗುತ್ತದೆ. 2014ರಲ್ಲಿ ಅವರು ರಾಮನ್ ರೋಹಿತ, ಎಂಆರ್‌ಐ, ಸಿಟಿ ಸ್ಕ್ಯಾನ್ ಮೂರರಲ್ಲೂ ಕಾಣಿಸಿಕೊಳ್ಳುವ ಚಿನ್ನ–ಕಬ್ಬಿಣದ ಕಣಗಳನ್ನು ಪ್ರಕಟಿಸಿದರು. 2020ರಲ್ಲಿ ಕಬ್ಬಿಣದ ಪಾಲು ಹೆಚ್ಚಿಸಿದ ಕಣಗಳು ಇಲಿಗಳ ದೇಹದಲ್ಲಿ ಕಾಲಕ್ರಮೇಣ ಸವೆದು ಸಣ್ಣದಾಗುವುದನ್ನು ತೋರಿಸಿದರು. ದೇಹದೊಳಗೆ ಹೋದ ಲೋಹ ಅಲ್ಲೇ ಉಳಿದುಬಿಡುತ್ತದೆಯೇ ಎಂಬ ಭಯ ಈ ಕ್ಷೇತ್ರದ ದೊಡ್ಡ ಭಯ. ಆದ್ದರಿಂದ ಈ ಫಲಿತಾಂಶಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಇದೇ ಜೋಡಿಯ ಮೇಲೆ ಎಸೆನ್ನಿನ ಸ್ಟೆಫಾನ್ ಬಾರ್ಸಿಕೌಸ್ಕಿ ತಂಡ 2016ರಲ್ಲಿ ಪ್ರಕಟಿಸಿದ ಪ್ರಯೋಗ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. ಚಿನ್ನ–ಕಬ್ಬಿಣದ ಮಿಶ್ರಲೋಹಕ್ಕೆ ಒಮ್ಮೆ ನೀರಿನಲ್ಲಿ, ಒಮ್ಮೆ ಅಸಿಟೋನಿನಲ್ಲಿ ಲೇಸರ್ ಹೊಡೆದರು. ಬೇರೆ ಯಾವ ರಾಸಾಯನಿಕವನ್ನೂ ಸೇರಿಸಲಿಲ್ಲ. ಅಸಿಟೋನಿನಲ್ಲಿ ಹುಟ್ಟಿದ ಕಣವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟು ಯಾವ ಧಾತು ಎಲ್ಲಿದೆಯೆಂದು ನಕ್ಷೆ ತೆಗೆದರೆ ನಡುವೆ ಕಬ್ಬಿಣದ ತಿರುಳು, ಸುತ್ತ ಚಿನ್ನದ ಹೊದಿಕೆ. ಕಬ್ಬಿಣಕ್ಕೆ ತುಕ್ಕಿನ ಸೋಂಕೂ ಇಲ್ಲ. ನೀರಿನಲ್ಲಿ ಹುಟ್ಟಿದ ಕಣದಲ್ಲಿ ಎಲ್ಲವೂ ತಿರುಗಾಮುರುಗಾ: ಚಿನ್ನ ಒಳಗೆ, ಹೊರಗೆ ಮ್ಯಾಗ್ನಟೈಟಿನ ಚಿಪ್ಪು. ಲೋಹ ಒಂದೇ, ಬದಲಾದದ್ದು ದ್ರವ ಮಾತ್ರ. ನೀರು ಆಮ್ಲಜನಕ ಕೊಟ್ಟು ಕಬ್ಬಿಣವನ್ನು ಹೊರಕ್ಕೆ ಸೆಳೆಯಿತು. ಅಸಿಟೋನ್ ಹಾಗೆ ಸೆಳೆಯಲಿಲ್ಲ, ಮೇಲ್ಮೈ ಶಕ್ತಿ ಕಡಿಮೆಯಿರುವ ಚಿನ್ನ ತಾನಾಗಿ ಹೊರಕ್ಕೆ ಬಂತು. ದ್ರವವೇ ಪಾಲುದಾರ ಎಂಬ ಪುಣೆಯ ಹಳೆಯ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಈ ಹೊತ್ತಿಗೆ ಇದು ಒಂದು ಸಮುದಾಯದ ಕೆಲಸವಾಗಿತ್ತು. ಮಾಂಟ್ರಿಯಲ್‌ನಲ್ಲಿ ಕಬಾಶಿನ್ ಮತ್ತು ಮ್ಯೂನಿಯೆ 2003ರಲ್ಲೇ ಇನ್ನೂ ಚಿಕ್ಕ ಹೊಡೆತದ ಫೆಮ್ಟೋಸೆಕೆಂಡ್ ಲೇಸರನ್ನು ನೀರಿಗಿಳಿಸಿದ್ದರು. 2010ರಲ್ಲಿ ಸ್ವಿಟ್ಜರ್ಲೆಂಡಿನ ಎಂಗೆಲ್‌ಬರ್ಗ್‌ನಲ್ಲಿ ಈ ವಿಷಯಕ್ಕೇ ಮೀಸಲಾದ ಅಂತರರಾಷ್ಟ್ರೀಯ ಸಮ್ಮೇಳನ ಮೊದಲ ಬಾರಿಗೆ ಸೇರಿತು. ನಮ್ಮಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಎಸ್. ವೇಣುಗೋಪಾಲ ರಾವ್ ಅವರ ತಂಡ ದ್ರವದಲ್ಲಿ ಲೇಸರಿನಿಂದ ತಯಾರಿಸಿದ ಬೆಳ್ಳಿ, ಚಿನ್ನ, ತಾಮ್ರ ಮತ್ತು ಮಿಶ್ರಲೋಹದ ನ್ಯಾನೋರಚನೆಗಳನ್ನು ಸ್ಫೋಟಕಗಳ ಅತ್ಯಲ್ಪ ಅಂಶವನ್ನು ರಾಮನ್ ರೋಹಿತದಿಂದ ಪತ್ತೆ ಮಾಡಲು ಬಳಸಿತು.

ಇಷ್ಟೆಲ್ಲ ಆದರೂ ಒಂದು ದೂರು ಬಹುಕಾಲ ಉಳಿದಿತ್ತು: ಕಣ ಒಳ್ಳೆಯದೇ, ಆದರೆ ಸಿಗುವುದು ಮಿಲಿಗ್ರಾಂ ಲೆಕ್ಕದಲ್ಲಿ. ಇನ್ನೂ ಶಕ್ತಿಯುತ ಲೇಸರ್ ತಂದರೂ ಉತ್ಪಾದನೆ ಅದೇ ಪ್ರಮಾಣದಲ್ಲಿ ಏರುತ್ತಿರಲಿಲ್ಲ. ಅಡ್ಡ ಬಂದದ್ದು ಗುಳ್ಳೆಯೇ. ಹಿಂದಿನ ಹೊಡೆತದ ಗುಳ್ಳೆ ಕುಸಿಯುವ ಮೊದಲೇ ಮುಂದಿನ ಹೊಡೆತ ಬಂದರೆ ಬೆಳಕು ಗುಳ್ಳೆಗೆ ಬಡಿದು ಚದರುತ್ತದೆ, ಲೋಹಕ್ಕೆ ತಲುಪುವುದಿಲ್ಲ. ಎಸೆನ್ನಿನವರು ಉಪಾಯ ಮಾಡಿದರು: ಗುಳ್ಳೆಯನ್ನು ಕಾಯುವ ಬದಲು ಅದರಿಂದ ತಪ್ಪಿಸಿಕೊಂಡು ಓಡೋಣ. ವೇಗವಾಗಿ ತಿರುಗುವ ಬಹುಮುಖದ ಕನ್ನಡಿಯಿಂದ ಕಿರಣವನ್ನು ಲೋಹದ ಮೇಲೆ ಸೆಕೆಂಡಿಗೆ 500 ಮೀಟರಿನ ವೇಗದಲ್ಲಿ ಓಡಿಸಿದರು. ಅವರ 500 ವಾಟ್‌ನ ಪಿಕೋಸೆಕೆಂಡ್ ಲೇಸರ್ ಸೆಕೆಂಡಿಗೆ ಒಂದು ಕೋಟಿ ಹೊಡೆತ ಕೊಡುತ್ತಿತ್ತು. ಲೆಕ್ಕ ಹಾಕಿದರೆ ಒಂದು ಹೊಡೆತಕ್ಕೂ ಮುಂದಿನದಕ್ಕೂ ನಡುವೆ 50 ಮೈಕ್ರೋಮೀಟರಿನ ಅಂತರ. ಪ್ರತಿ ಹೊಡೆತವೂ ಹೊಸ ಜಾಗದಲ್ಲಿ. 2016ರಲ್ಲಿ ಅವರು ಗಂಟೆಗೆ 4 ಗ್ರಾಂ ಪ್ಲಾಟಿನಂ ಕಣಗಳನ್ನು ತೆಗೆದರು. ಆಚೀಚೆ ನೋಡದೆ ಈ ಸಂಖ್ಯೆಯನ್ನು ಸಣ್ಣದೆನ್ನಬಾರದು. ವೇಗವರ್ಧಕ ತಯಾರಿಸುವವರಿಗೆ ಒಂದು ಗ್ರಾಂ ಶುದ್ಧ ನ್ಯಾನೋಪ್ಲಾಟಿನಂ ಅಂದರೆ ಕಾರ್ಖಾನೆಯ ಬಾಗಿಲು ತಟ್ಟುವಷ್ಟು ಪ್ರಮಾಣ.

ಬೆಸೆಯುವ ಲೋಹಗಳ ಸಂಖ್ಯೆಯೂ ಎರಡಕ್ಕೆ ನಿಲ್ಲಲಿಲ್ಲ. 2004ರಲ್ಲಿ ಬ್ರಿಟನ್ನಿನ ಬ್ರಯನ್ ಕ್ಯಾಂಟರ್ ಮತ್ತು ತೈವಾನಿನ ಜಿಯೆನ್-ವೇ ಯೆ ಬೇರೆಬೇರೆಯಾಗಿ, ಐದು ಅಥವಾ ಹೆಚ್ಚು ಲೋಹಗಳನ್ನು ಹೆಚ್ಚುಕಡಿಮೆ ಸಮಪಾಲಿನಲ್ಲಿ ಬೆರೆಸಿದ ಮಿಶ್ರಲೋಹಗಳ ಕಡೆ ಲೋಕದ ಗಮನ ಸೆಳೆದಿದ್ದರು. ಅಂಥವನ್ನು ನ್ಯಾನೋಕಣವಾಗಿ ಮಾಡುವುದು ರಾಸಾಯನಿಕ ದಾರಿಯಲ್ಲಿ ಬಲು ಕಷ್ಟ, ಯಾಕೆಂದರೆ ಪ್ರತಿ ಲೋಹದ ಲವಣವೂ ತನ್ನದೇ ವೇಗದಲ್ಲಿ ಲೋಹವಾಗುತ್ತದೆ, ಬೇಗ ಆದದ್ದು ಮೊದಲು ಗಟ್ಟಿಯಾಗಿ ಕೂತುಬಿಡುತ್ತದೆ. 2019ರಲ್ಲಿ ಎಸೆನ್ನಿನ ತಂಡ ಕೋಬಾಲ್ಟ್, ಕ್ರೋಮಿಯಂ, ಕಬ್ಬಿಣ, ಮ್ಯಾಂಗನೀಸ್, ನಿಕಲ್ ಐದರ ಪುಡಿಗಳನ್ನು ಬೆರೆಸಿ, ಒತ್ತಿ, ಕಾಯಿಸಿ ಬಿಲ್ಲೆ ಮಾಡಿ, ಅದನ್ನು ಎಥನಾಲಿನಲ್ಲಿ ಮುಳುಗಿಸಿ ಲೇಸರ್ ಹೊಡೆದಿತು. ಹುಟ್ಟಿದ ಕಣಗಳಲ್ಲಿ ಐದೂ ಲೋಹಗಳು ಬಿಲ್ಲೆಯಲ್ಲಿದ್ದ ಪಾಲಿಗೆ ಹತ್ತಿರವಾಗಿಯೇ ಬೆರೆತು ಕೂತಿದ್ದವು.